ತಿರುವಿನ ಕೆಳಗಿನ ಬಾವಿ

ಹೆದ್ದಾರಿಯ ಗ್ಯಾಂಗ್ ಮೇಸ್ತ್ರಿಗೆ ಹಾರೆಯೇ ಮೂರನೆಯ ಕಿವಿ. ತನ್ನ ಪಾಲಿನ ಹನ್ನೆರಡು ಕಿಲೋಮೀಟರು ರಸ್ತೆಯನ್ನು ಹಾರೆಯ ಮೊಂಡು ತುದಿಯಿಂದ ಕುಟ್ಟುತ್ತಾ ನಡೆದನೆಂದರೆ, ಡಾಂಬರಿನ ಕೆಳಗೆ ಎಲ್ಲಿ ಜಲ್ಲಿ ಸಡಿಲಾಗಿದೆ, ಎಲ್ಲಿ ನೀರು ಹೊಕ್ಕಿದೆ ಎಂದು ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಗಟ್ಟಿ ನೆಲ ‘ಠಣ್’ ಎನ್ನುತ್ತದೆ, ಪೊಳ್ಳು ನೆಲ ‘ಡೊಬ್’ ಎನ್ನುತ್ತದೆ. ಏಳನೇ ಕಿಲೋಮೀಟರು ಕಲ್ಲಿನ ತಿರುವಿನಲ್ಲಿ ಹತ್ತು ವರ್ಷದಿಂದ ಅವನಿಗೆ ‘ಡೊಬ್’ ಕೇಳಿಸುತ್ತಿತ್ತು. ಯಾರ ಮುಂದೆಯೂ ತುಟಿಪಿಟಕ್ಕೆಂದಿರಲಿಲ್ಲ.

ರಸ್ತೆ ಅಗಲ ಮಾಡಿದ ಕಾಲಕ್ಕೆ ಅಲ್ಲೊಂದು ಹಾಳು ಬಾವಿ ಅಡ್ಡ ಬಂದಿತ್ತು. ಅದಕ್ಕೆ ಕಲ್ಲು ತುಂಬಿ, ಪದರಪದರವಾಗಿ ಕುಟ್ಟಿ ಗಟ್ಟಿ ಮಾಡುತ್ತಾ ಬರಬೇಕೆಂದು ಅಪ್ಪಣೆಯಾಗಿತ್ತು. ಅಷ್ಟರಲ್ಲಿ ದೊಡ್ಡ ಸಾಹೇಬರು ನಾಳೆಯೇ ಬರುತ್ತಾರೆಂಬ ಸುದ್ದಿ ಬಂತು. ಹೊಸದಾಗಿ ಮೇಸ್ತ್ರಿಯಾಗಿ ಮೀಸೆ ತಿರುವುತ್ತಿದ್ದ ಇವನು, ಪಕ್ಕದಲ್ಲಿ ಕಡಿದು ಬಿದ್ದಿದ್ದ ಹೆಮ್ಮರದ ಬೊಡ್ಡೆ, ಕೊಂಬೆ ಎಲ್ಲವನ್ನೂ ಬಾವಿಗೆ ನೂಕಿಸಿ ಮೇಲೆ ಮಣ್ಣು ಎಳೆಸಿದ. ಮರವೂ ಕಣ್ಮರೆ, ಬಾವಿಯೂ ಕಣ್ಮರೆ. ಸಾಹೇಬರು ಬೆನ್ನು ತಟ್ಟಿದರು.

ಮಣ್ಣೊಳಗಿನ ಮರ ಸುಮ್ಮನಿರುತ್ತದೆಯೇ? ಕೊಳೆಯಿತು, ಕುಸಿಯಿತು. ಪ್ರತಿ ಮಳೆಗೂ ತಿರುವು ತಟ್ಟೆಯಷ್ಟು ತಗ್ಗುತ್ತಿತ್ತು. ಯಾರ ಕಣ್ಣಿಗೂ ಬೀಳುವ ಮೊದಲೇ ಮೇಸ್ತ್ರಿ ಜಲ್ಲಿಬುಟ್ಟಿ ಹೊತ್ತು ಓಡುತ್ತಿದ್ದ. “ಇವನ ಹಾಗೆ ರಸ್ತೆ ನೋಡ್ಕೊಳ್ಳೋರು ಇನ್ನೊಬ್ಬರಿಲ್ಲ” ಎಂದು ಹೊಗಳಿದಷ್ಟೂ ಅವನ ಎದೆಯೊಳಗೆ ‘ಡೊಬ್’ ಎನ್ನುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತರೂ ಹಿಮ್ಮಡಿ ನೆಲ ಕುಟ್ಟುತ್ತಿತ್ತು.

“ನಮ್ಮನೆ ಕೆಳಗೇನು ಸುರಂಗ ಇದೆಯೇನ್ರೀ?” ಎಂದು ಹೆಂಡತಿ ರೇಗುತ್ತಿದ್ದಳು. “ಸುಮ್ನೆ ಉಣ್ಣಬಾರದೇ?”

ಅಳಿಯ ಬಸ್ಸಿನ ಡ್ರೈವರು. ದಿನಕ್ಕೆ ಆರು ಸಲ ಆ ತಿರುವು ದಾಟುವವನು, ಮಾವನನ್ನು ಕಂಡರೆ ಎರಡು ಸಲ ಹಾರನ್ ಹೊಡೆದೇ ಮುಂದೆ ಹೋಗುತ್ತಿದ್ದ. “ಮಾವ, ನಿಮ್ಮ ರಸ್ತೇಲಿ ನಾನು ಕಣ್ಣು ಮುಚ್ಕೊಂಡು ಗಾಡಿ ಓಡಿಸ್ತೀನಿ” ಎನ್ನುತ್ತಿದ್ದ. ಆ ಮಾತು ಕೇಳಿದ ದಿನ ಮೇಸ್ತ್ರಿ ಇನ್ನೊಂದು ಬುಟ್ಟಿ ಜಲ್ಲಿ ಹೊತ್ತು ತಿರುವಿಗೆ ಹೋಗುತ್ತಿದ್ದ.

ನಿವೃತ್ತಿಗೆ ಇನ್ನು ಹತ್ತೇ ದಿನ ಉಳಿದಿತ್ತು. ಬಾಯಿ ಹೊಲಿದುಕೊಂಡಿದ್ದರೆ ಒಳ್ಳೆಯ ಹೆಸರಿನೊಂದಿಗೆ ಮನೆ ಸೇರಬಹುದು. ಆಮೇಲೆ ಬುಟ್ಟಿ ಹೊತ್ತು ಓಡುವವರಾರು? ಅಷ್ಟರಲ್ಲಿ ಹೊಸ ಡಾಂಬರು ಹಾಕಿಸಲು ಇಂಜಿನಿಯರಮ್ಮ ಬಂದಳು, ಹಿಂದೆಯೇ ಭಾರೀ ರೋಲರೂ ಬಂತು.

ರೋಲರ್ ತಿರುವಿನ ಹತ್ತಿರ ಬಂದಾಗ ಮೇಸ್ತ್ರಿ ಕೊನೆಯ ಸಲ ಹಾರೆಯಿಂದ ಕುಟ್ಟಿದ. ಈ ಸಲ ಸದ್ದು ಕೆಳಕ್ಕೆ ಇಳಿದು, ತಡೆದು, ಮತ್ತೆ ಮೇಲೆ ಬಂತು. ಒಳಗಿನಿಂದ ಯಾರೋ ತಿರುಗಿ ಕುಟ್ಟಿದ ಹಾಗಿತ್ತು. ದೂರದಲ್ಲಿ ಅಳಿಯನ ಬಸ್ಸಿನ ಹಾರನ್ ಕೇಳಿಸಿತು. ಮೇಸ್ತ್ರಿ ಕೆಂಪು ಬಾವುಟ ಹಿಡಿದು ನಡುರಸ್ತೆಯಲ್ಲಿ ನಿಂತುಬಿಟ್ಟ.

“ಏ ಮೇಸ್ತ್ರೀ! ಮನೆಗೆ ಹೋಗೋದ್ರೊಳಗೆ ಹಪ್ಪಳ ಆಗ್ಬೇಕಂತ ಆಸೆನಾ?” ರೋಲರಿನವನು ಕೂಗಿದ.

“ಕೆಳಗೆ ಬಾವಿ ಇದೆ, ಮೇಡಂ” ಎಂದ ಮೇಸ್ತ್ರಿ.

“ಮುಚ್ಚಿದೆ ಅಂತ ನಕ್ಷೇಲಿ ಇದೆಯಲ್ಲ?” ಎಂದಳು ಇಂಜಿನಿಯರಮ್ಮ.

“ಮುಚ್ಚಿದ್ದು ನಾನೇ. ಮರ ತುಂಬಿ ಮುಚ್ಚಿದೆ.”

ಅಷ್ಟರಲ್ಲಿ ಬಸ್ಸು ನಿಂತು, ಅಳಿಯ ನಗುತ್ತಾ ಇಳಿದು ಬಂದ. “ಏನು ಮಾವ, ನಿಮ್ಮ ರಸ್ತೇಲಿ ನನಗೇ ತಡೆನಾ?”

ಯಾರೂ ನಗಲಿಲ್ಲ. ಇಂಜಿನಿಯರಮ್ಮ ಸನ್ನೆ ಮಾಡಲು ಗ್ಯಾಂಗಿನ ಕೂಲಿಯವನೊಬ್ಬ ಗುದ್ದಲಿ ಎತ್ತಿ ಹಾಕಿದ. ಮೂರನೆಯ ಏಟಿಗೆ ನೆಲ ಬಾಯಿ ತೆರೆದು ಗುದ್ದಲಿಯನ್ನೇ ನುಂಗಿತು. ನೀರಿನ ಸದ್ದು ಬಹಳ ತಡವಾಗಿ ಬಂತು.

ಅಳಿಯ ಆ ಕಪ್ಪು ಬಾಯನ್ನು ನೋಡಿದ, ಆಮೇಲೆ ಬಸ್ಸಿನ ಕಿಟಕಿಗಳಲ್ಲಿದ್ದ ಮುಖಗಳನ್ನು ನೋಡಿದ.

“ನಿಮಗೆ ಗೊತ್ತಿತ್ತಾ, ಮಾವ?”

“ಗೊತ್ತಿತ್ತು.”

ಅಳಿಯ ಬಸ್ಸನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದ.

ಒಂಬತ್ತು ದಿನ ಮೇಸ್ತ್ರಿ ತಾನೇ ನಿಂತು ಕಲ್ಲು ತುಂಬಿಸಿದ, ಪದರಪದರಕ್ಕೂ ಕುಟ್ಟಿಸಿದ. ಹತ್ತನೆಯ ದಿನ ಹೊಸ ಡಾಂಬರಿನ ಮೇಲೆ ಹಾರೆ ಊರಿದ. ‘ಠಣ್’ ಎಂದಿತು. ಮತ್ತೆ ಕುಟ್ಟಿದ, ಮತ್ತೆ ‘ಠಣ್.’ ಆದರೂ ಕಿವಿಗೊಟ್ಟು ನಿಂತೇ ಇದ್ದ.

ಅಳಿಯನ ಬಸ್ಸು ಬಂತು. ಅವನ ಮುಂದೆಯೇ ತಿರುವು ದಾಟಿತು. ಹಾರನ್ ಕೇಳಿಸಲಿಲ್ಲ.