ಗಿಣ್ಣ ಚೆಲ್ಲದ ವೈನಿ

ನಿನ್ನೆ ಓಣಿಯವರೊಬ್ಬರು ಎಮ್ಮೆ ಈದಿದೆಯೆಂದು ಮೊದಲ ಹಾಲಿನ ಗಿಣ್ಣ ಮಾಡಿ ಕಳಿಸಿದ್ದರು. ಬಟ್ಟಲ ಮುಚ್ಚಳ ತೆಗೆದೆ, ಬೆಲ್ಲ ಏಲಕ್ಕಿಯ ವಾಸನೆ ಬಂತು. ತಿನ್ನಲಾಗಲಿಲ್ಲ... ವೈನಿ ನೆನಪಾದಳು.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ತವರು ಬಬಲೇಶ್ವರ. ಚೊಚ್ಚಲ ಬಾಣಂತನ ಅಲ್ಲೇ ಆಯಿತು, ಹೆಣ್ಣು ಕೂಸು. ಆಗೆಲ್ಲ ಬಾಣಂತಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಕೂಸಿಗೆ ಸಕ್ಕರೆ ನೀರು, ಔಡಲೆಣ್ಣೆ. ಆಮೇಲೆ ಬಜೆ, ಅಳಲೆಕಾಯಿ ತೇಯ್ದು ದಿನಾ ಬಾಯಿಗೆ ಗುಟ್ಟಿ ಹಾಕುವುದು. ಅವಳ ಕೂಸಿಗೂ ಹಾಗೇ ಮಾಡಿದರು. ಭೇದಿ ಹತ್ತಿತು. ನಮ್ಮವರು ನೋಡಲು ಹೋಗುವ ಮೊದಲೇ ಅದು ತೀರಿಹೋಯಿತು.

ಎರಡನೆಯ ಹೆರಿಗೆಯ ಹೊತ್ತಿಗೆ ಅವಳ ತಾಯಿ ಇರಲಿಲ್ಲ. ಇಬ್ರಾಹಿಂಪುರದ ನಮ್ಮ ಮನೆಯಲ್ಲೇ ಗಂಡು ಹುಟ್ಟಿತು. ಅರವತ್ತರ ದಶಕದ ಮೊದಲ ವರ್ಷಗಳು, ಕಡು ಬೇಸಿಗೆ. ಹಾಲು ಹಿಂಡಿಸಲು ಅವ್ವ ಬಟ್ಟಲು ಹಿಡಿದು ಹೋದಳು. ವೈನಿ ಸೆರಗೆಳೆದು ಕೂಸನ್ನು ಎದೆಗೆ ಹಚ್ಚಿಕೊಂಡೇಬಿಟ್ಟಳು.

"ಎಮ್ಮಿ ಗಿಣ್ಣ ಓಣಿ ತುಂಬ ಹಂಚಿ ತಿಂತೀರಿ. ನಂದ್ಯಾಕ ಚೆಲ್ಲಬೇಕ್ರಿ ಅತ್ತಿ?"

ನೋಡಲು ಬಂದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅವ್ವ ನಗಲಿಲ್ಲ.

"ನೀರರ ಹಾಕ ಬೇ, ಬಿಸಲ ಹೆಂಗೈತಿ ನೋಡು."

"ನೀರು ನಾ ಕುಡೀತೇನ್ರಿ. ನನ್ನಿಂದನ ಅದಕ್ಕ ಹೋಗತೈತಿ."

"ಇದಕ್ಕೂ ಏನಾರ ಆದ್ರ ಮಂದಿ ನಿನ್ನ ಅಂತಾರ."

"ಅನ್ನಲಿ ಬಿಡ್ರಿ."

ದನಿ ಏರಿಸಲಿಲ್ಲ. ಆದರೆ ಆ ಬೇಸಿಗೆಯಿಡೀ ಅವಳು ಕೂಸನ್ನು ಯಾರ ಕೈಯಲ್ಲೂ ಬಿಟ್ಟು ಹಿತ್ತಿಲಿಗೂ ಹೋಗಲಿಲ್ಲ. ಕೂಸು ಅತ್ತರೆ ಮೊದಲು ಅದರ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು.

ಹಲ್ಲು ಮೂಡುವ ತನಕ ಕೂಸು ಎದೆಹಾಲೊಂದರ ಮೇಲೆಯೇ ಬೆಳೆಯಿತು. ಮೊದಲ ಕೂದಲು ತೆಗೆಸುವ ಜವಳದ ದಿನ ತಿಕೋಟಾದಿಂದ ಬಂದ ಬೀಗರೊಬ್ಬರು, "ನಿಮ್ಮನ್ಯಾಗ ಸೊಸಿ ಮಾತು ಭಾಳ ನಡೀತೈತಂತ?" ಎಂದು ಚುಚ್ಚಿದರು.

ಅವ್ವ ಮೊಮ್ಮಗನನ್ನು ಎತ್ತಿ ಅವರ ತೊಡೆಯ ಮೇಲೆ ಇಟ್ಟಳು. "ಹೂಂ, ನಡೀತೈತಿ. ಎತ್ತಿ ನೋಡ್ರಿ, ತೂಕ ಎಷ್ಟೈತಿ."

ಅಂದು ವೈನಿ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸುತ್ತಿದ್ದಳು. ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ನೆಟ್ಟಗಾಯಿತು.

ಹೋದ ಬೇಸಿಗೆಯಲ್ಲಿ ವೈನಿ ತೀರಿಕೊಂಡಳು. ತಲೆ ನರೆತ ಆ ಮಗನೇ ಹೆಗಲು ಕೊಟ್ಟ. ಅವನ ಹಿಂದೆ ಹುಟ್ಟಿದವರು, ಅವರ ಮಕ್ಕಳು, ಎಲ್ಲರೂ ಅಂಗಳ ತುಂಬಿ ನಿಂತಿದ್ದರು. ಅವಳ ಬಗ್ಗೆ ಹೇಳಲು ಎಲ್ಲರ ಬಳಿಯೂ ಏನಾದರೊಂದು ಇತ್ತು. ಬಬಲೇಶ್ವರದ ಆ ಹೆಣ್ಣು ಕೂಸನ್ನು ಮಾತ್ರ ನಮ್ಮ ಮನೆಯವರಲ್ಲಿ ಕಂಡಿದ್ದವಳು ಅವಳೊಬ್ಬಳೇ. ಅದರ ಮುಖ ಹೇಗಿತ್ತೆಂದು ಹೇಳುವವರು ಈಗ ಯಾರೂ ಇಲ್ಲ.