ಗೇನ್ ಗುಂಡಿ ಮತ್ತು ಮೈಕ್‌ಸೆಟ್ಟಿನ ಅಕ್ಕ

ಎರಡು ಸಾವಿರದ ದಶಕದ ನಡುವಿನ ಮಾತು. ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಸಂಜೆ ಹೆಡ್‌ಫೋನ್ ಹಾಕಿಕೊಂಡು ಗಿಟಾರಿನಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ ಬಾರಿಸುತ್ತಿದ್ದೆ. ಹೈದರಾಬಾದಿನ ಗೆಳೆಯನೊಬ್ಬ ತಾನು ಬಳಸಿ ಬಿಟ್ಟ ಡಿಜಿಟಲ್ ಡಬ್ಬಿಯೊಂದನ್ನು ಕೊಟ್ಟಿದ್ದ. ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ದನಿಯನ್ನು ಅಣಕಿಸುವುದೇ ಅದರ ಕಸುಬು. ಟಿಫಿನ್ ಡಬ್ಬಿಯಷ್ಟು ಗಾತ್ರ. ಒಳಗೆ ಮೂವತ್ತು ಆಂಪ್ಲಿಫೈಯರುಗಳಿವೆ ಎಂದು ಮೇಲೆ ಬರೆದಿತ್ತು. ಗಣಿತದ ಮೇಷ್ಟ್ರಾಗಿಯೂ ನಂಬಿದೆ.

ಬಸವಕಲ್ಯಾಣದಲ್ಲಿ ಸಹೋದ್ಯೋಗಿಯ ತಮ್ಮನ ಮದುವೆ. ಊಟದ ಹೊತ್ತಿಗೆ ಏನಾದರೂ ಬಾರಿಸು ಎಂದರು. ಡಬ್ಬಿಯನ್ನು ಮೈಕ್‌ಸೆಟ್ಟಿಗೆ ಸಿಕ್ಕಿಸಿ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ ಮೊದಲ ಕಾರ್ಡ್ ಹೊಡೆದೆ. ತಗಡಿನ ಡಬ್ಬಿಯಲ್ಲಿ ಸಾವಿರ ನೊಣ ಕೂಡಿಹಾಕಿದಂತಾಯಿತು. ಮದುಮಗನ ಸೋದರಮಾವ ವೈರ್ ಸುಡುತ್ತಿದೆ ಎಂದು ತಿಳಿದು ಮೇನ್ ಸ್ವಿಚ್ ಆರಿಸಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ಅವರಿಗೆ.

ಮೈಕ್‌ಸೆಟ್ಟಿನ ಒಡತಿ ಐವತ್ತು ದಾಟಿದ ಹೆಂಗಸು. ಊರೆಲ್ಲ ಅಕ್ಕ ಎನ್ನುತ್ತಿದ್ದರು. ಭಜನೆ, ಚುನಾವಣೆ, ಮದುವೆ ಎಲ್ಲಕ್ಕೂ ಅವರದೇ ಸ್ಪೀಕರ್. ವೈರ್ ಸುತ್ತುತ್ತಲೇ, ಮುಖ ನೋಡದೆ ಹೇಳಿದರು: “ಐತವಾರ ಆ ಡಬ್ಬಿ ತಗೊಂಡ್ ಅಂಗಡಿಗಿ ಬರ್ರಿ ಸರ.”

ಭಾನುವಾರ ಹೋದೆ. ಮದುವೆಯಲ್ಲಿ ಇಟ್ಟಷ್ಟೇ ಜೋರಾಗಿ ಬಾರಿಸಲು ಹೇಳಿದರು. ಎದುರಿನ ಬಟ್ಟೆ ಅಂಗಡಿಯವರು ಶಟರ್ ಅರ್ಧ ಎಳೆದುಕೊಂಡರು. ಅಕ್ಕ ಡಬ್ಬಿಯ ಗುಂಡಿಗಳ ಮೇಲೆ ಬಗ್ಗಿದರು. ದನಿಯನ್ನು ಒಡೆದು ಗುರುಗುಟ್ಟಿಸುವ ಗೇನ್ ಪೂರ್ತಿ, ಬಾಸ್ ಪೂರ್ತಿ, ಟ್ರೆಬಲ್ ಪೂರ್ತಿ, ಮಿಡಲ್ ಸೊನ್ನೆ. ಹೆಡ್‌ಫೋನಿನಲ್ಲಿ ಇದೇ ಚೆನ್ನಾಗಿ ಕೇಳುತ್ತದೆ ಎಂದು ವಾದಿಸಿದೆ.

“ನಡುವಿಂದು ತೆಗೆದ್ರ ಬರೇ ತಲಿ, ಕಾಲು ಉಳೀತಾವ್ರಿ,” ಎಂದರು. “ಮನುಷ್ಯಾ ಎಲ್ಲಿ?”

ಮಿಡಲ್ ಏರಿತು, ಬಾಸ್ ಇಳಿಯಿತು. ಗೇನ್ ಅರ್ಧಕ್ಕೆ ಬಂದಾಗ ನನ್ನ ಗಂಡಸ್ತನವನ್ನೇ ಯಾರೋ ಅರ್ಧ ಮಾಡಿದಂತೆ ಮುಖ ಸಣ್ಣಗಾಯಿತು. ಆಮೇಲೆ ಕ್ಯಾಬಿನೆಟ್ ಎಂದು ಬರೆದಿದ್ದ ಚಿಕ್ಕ ಸ್ವಿಚ್ ಯಾಕೆ ಆಫ್ ಇದೆ ಎಂದು ಕೇಳಿದರು. ಅದು ಗಿಟಾರ್ ಸ್ಪೀಕರಿನ ನಕಲು, ಎದುರಿಗೆ ನಿಜವಾದ ಸ್ಪೀಕರ್ ಇರುವಾಗ ನಕಲು ಯಾಕೆ ಎಂದು ಮದುವೆಯ ದಿನ ನಾನೇ ಬುದ್ಧಿ ಉಪಯೋಗಿಸಿ ಆರಿಸಿದ್ದೆ. ಗಿಟಾರಿನ ಸ್ಪೀಕರ್ ಕರ್ಕಶವನ್ನೆಲ್ಲ ನುಂಗಿಕೊಳ್ಳುತ್ತದೆ, ಭಾಷಣದ ಸ್ಪೀಕರ್ ಒಂದನ್ನೂ ಬಿಡದೆ ಉಗುಳುತ್ತದೆ ಎಂಬುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಅಕ್ಕ ಸ್ವಿಚ್ ಒತ್ತಿದರು.

ಮತ್ತೆ ಅದೇ ಕಾರ್ಡ್ ಹೊಡೆದೆ. ದನಿ ಎದೆಗೆ ಬಂದು ಗುದ್ದಿತು. ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತಿತ್ತು.

“ಈಗ ಅದಕ್ಕ ಸಿಟ್ಟು ಬಂದಂಗ ಅದ,” ಎಂದರು ಅಕ್ಕ. “ಮುಂಚೆ ಜ್ವರ ಬಂದಂಗಿತ್ತು.”

ಮುಂದಿನ ತಿಂಗಳು ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವರದೇ ಸೆಟ್ ತರಿಸಿದೆ. ಐದು ನಿಮಿಷ ಬಾರಿಸಿದೆ. ಯಾರೂ ಸ್ವಿಚ್ ಆರಿಸಲಿಲ್ಲ. ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯರು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದರು, ಆದರೆ ಅವರ ಬಲಗಾಲು ತಾಳ ಹಾಕುತ್ತಿತ್ತು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಈವರೆಗೆ ಬಂದಿಲ್ಲ.

ಸಂತೋಷದ ಅಮಲಿನಲ್ಲಿ ವೇದಿಕೆ ಬಿಡುವಾಗ ಗಿಟಾರಿನ ವೈರ್ ಕಿತ್ತು, ನೇರ ಮೈಕ್‌ಸೆಟ್ಟಿಗೆ ಹೋಗಬೇಕಿದ್ದ ಮೈಕಿನ ವೈರನ್ನು ಮರೆತು ಅದೇ ಡಬ್ಬಿಗೆ ಸಿಕ್ಕಿಸಿ ಇಳಿದುಬಿಟ್ಟೆ. ಮುಖ್ಯೋಪಾಧ್ಯಾಯರು ಎದ್ದುಹೋಗಿ ಶಿಸ್ತಿನ ಬಗ್ಗೆ ಮಾತು ಶುರು ಮಾಡಿದರು. “ಪ್ರೀತಿಯ ಮಕ್ಕಳೇ” ಎಂಬುದು ಪಾತಾಳದಿಂದ ಎದ್ದುಬಂದಂತೆ ಗುಡುಗಿತು. ನಾನು ವೈರ್ ಬದಲಿಸಲು ಓಡಬೇಕೆಂದು ಎದ್ದೆ; ಪಕ್ಕದಲ್ಲಿ ಕೂತಿದ್ದ ಅಕ್ಕ ಅಂಗಿ ಹಿಡಿದು ಕೂರಿಸಿದರು. ಯಾಕೆಂದರೆ ಆರುನೂರು ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆ ಶಾಲೆಯಲ್ಲಿ ಶಿಸ್ತಿನ ಭಾಷಣವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಇಳಿದುಬಂದ ಮುಖ್ಯೋಪಾಧ್ಯಾಯರು ನೇರವಾಗಿ ಅಕ್ಕನ ಹತ್ತಿರ ಬಂದು, ಇಂಥ ಮೈಕು ಶಾಲೆಗೂ ಒಂದು ತರಿಸಬಹುದೇ ಎಂದು ವಿಚಾರಿಸಿದರು.