ಐದು ರಿವರ್ಸ್ ಗೇರಿನ ಕಾರು

ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆ ಪೆನ್ನು ಈಗಲೂ ತಡವರಿಸುತ್ತದೆ. ಪದ ತಪ್ಪಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆಯಲು ನೋಡಿದ್ದೇನೆ.

ಇದು ನನ್ನ ಸೋದರತ್ತೆಯ ವಿಷಯ. ಅವಳು ಅಪ್ಪನ ಅಕ್ಕ. ಕಾರಿನ ಸೀಟು ಹೊಲಿಯುವುದು ಅವಳ ಕೆಲಸ. ನಮ್ಮ ಮನೆಯ ಕೆಳಗಿನ ಶೆಡ್ಡಿನಲ್ಲಿ ಒಂದು ಕಡೆ ಅವಳ ದೊಡ್ಡ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಗೋಡೆಗೆ ಒರಗಿಸಿದ ಫೋಮ್ ಹಾಳೆಗಳು ಇವೆ. ಇನ್ನೊಂದು ಕಡೆ ಬಹಳ ವರ್ಷಗಳಿಂದ ತಾತನ ಕಾರು ನಿಂತಿತ್ತು. ಅತ್ತೆಗೆ ಒಂದು ಮದುವೆ ಆಗಿತ್ತು, ನಿಲ್ಲಲಿಲ್ಲ. ಯಾರಾದರೂ ಕೆದಕಿದರೆ “ಅಳತೆ ಸರಿಹೋಗಲಿಲ್ಲ” ಎಂದು ಹೇಳಿ ದಾರ ಕಚ್ಚುತ್ತಾಳೆ. ನಾನು ಶಾಲೆ ಬಿಟ್ಟಾಗ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಯಾಕೆ ಏನು ಎಂದು ಕೇಳಿದರು. ನನಗೆ ಬಾಯಿ ಬರಲಿಲ್ಲ. ಅತ್ತೆ ಕೇಳಿದ್ದು ಒಂದೇ ಮಾತು: “ಕತ್ತರಿ ನೆಟ್ಟಗೆ ಹಿಡಿಯೋಕೆ ಬರುತ್ತಾ?”

ನಮ್ಮ ಬೀದಿ ಒಂದು ಏರಿನ ಬುಡದಲ್ಲಿದೆ. ಮೇಲೆ ಯಾರದೋ ಚೀಲದಿಂದ ಟೊಮೆಟೊ ಉರುಳಿದರೆ ಅದು ನಮ್ಮ ಬಾಗಿಲಿಗೆ ಬಂದೇ ನಿಲ್ಲುವಂಥ ಏರು ಅದು. ಎರಡೂ ಪಕ್ಕ ಮನೆಗಳ ಗೋಡೆ, ನಡುವೆ ಒಂದು ಗಾಡಿಗಷ್ಟೇ ಜಾಗ. ತುದಿಯಲ್ಲಿ ಮಟ್ಟಸವಾದ ಬಯಲು, ಅದರಾಚೆ ದೊಡ್ಡ ರಸ್ತೆ. ಹೊರಗೆ ಹೋಗಲು ಬೇರೆ ದಾರಿ ಇಲ್ಲ.

ತಾತನ ಕಾರು ಆಮೆಯ ಹಾಗೆ ಬೆನ್ನು ಉಬ್ಬಿದ, ಎಂಜಿನ್ ಹಿಂಭಾಗದಲ್ಲಿರುವ ಹಳೇ ಕಾಲದ್ದು. ಹೊಸದಾಗಿದ್ದಾಗಲೂ ಅದಕ್ಕೆ ಈ ಏರು ಹತ್ತುವ ಕಸುವಿರಲಿಲ್ಲ. ಮೊದಲ ಗೇರಿನಲ್ಲಿ ಅರ್ಧಕ್ಕೆ ಬಂದು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತಂತೆ. ಆ ಕಾರಿನ ಗೇರುಗಳಲ್ಲೆಲ್ಲ ರಿವರ್ಸ್ ಗೇರಿಗೇ ಹೆಚ್ಚು ಎಳೆತ ಎಂದು ತಾತ ಕಂಡುಕೊಂಡ. ಅಂದಿನಿಂದ ದಿನಾ ಬೆಳಿಗ್ಗೆ ಕತ್ತು ಹಿಂದಕ್ಕೆ ತಿರುಗಿಸಿ, ಕಾರನ್ನು ಹಿಂದುಹಿಂದಾಗಿಯೇ ಹತ್ತಿಸಿದ. ಅತ್ತೆ ಚಿಕ್ಕವಳಿದ್ದಾಗ ಶಾಲೆಗೆ ಹೋದದ್ದು ಹಾಗೆ. ಬೀದಿಯ ಮಕ್ಕಳು ಕಾರಿನ ಮೂತಿಯ ಮುಂದೆ ಮುಂದೆ ನಡೆದು ಬಂದು, ಅವಳ ಮುಖ ನೋಡಿ, “ಉಲ್ಟಾ ಗಾಡಿ, ಉಲ್ಟಾ ಹುಡುಗಿ” ಎಂದು ಕೂಗುತ್ತಿದ್ದರು. ಆ ಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಅತ್ತೆ ಐವತ್ತು ದಾಟಿದ್ದಾಳೆ. ಬೀದಿಗೆ ಅವಳು ಇಂದಿಗೂ ಉಲ್ಟಕ್ಕ.

ತಾತನ ಮಂಡಿ ಸೋತು ಮೆಟ್ಟಿಲು ಹತ್ತುವುದು ಕಷ್ಟವಾದಾಗ ಅಪ್ಪ ಶೆಡ್ಡಿಗೆ ಬಂದ.

“ಅಕ್ಕಾ, ಇಲ್ಲೊಂದು ಗೋಡೆ ಎಬ್ಬಿಸಿ ಅಪ್ಪನಿಗೆ ಕೋಣೆ ಮಾಡೋಣ. ಈ ಡಬ್ಬಾನ ಗುಜರಿಗೆ ಹಾಕು.”

“ಕೋಣೆ ಮಾಡು. ಬೇಡ ಅಂದೋರ್ಯಾರು? ಕಾರು ಮೇಲೆ ಬಯಲಲ್ಲಿ ನಿಲ್ಲಲಿ.”

“ಮೇಲಕ್ಕೆ ಯಾರು ಹೊತ್ಕೊಂಡು ಹೋಗ್ತಾರೆ? ಎಂಜಿನ್ ಸತ್ತು ಯಾವ ಕಾಲ ಆಯ್ತು!”

“ಬೇರೆ ಎಂಜಿನ್ ಕೂರಿಸ್ತೀನಿ. ಮುಖ ಮುಂದೆ ಮಾಡ್ಕೊಂಡೇ ಹತ್ತುತ್ತೆ, ನೋಡ್ತಿರು.”

ಅಪ್ಪ ನಕ್ಕ. ಆದರೆ ಅವನು ಕೆಟ್ಟವನಲ್ಲ. ಗಾರೆ ಕೆಲಸದವರು ಬರುವ ಹಿಂದಿನ ಭಾನುವಾರ ಗುಜರಿಯವನು ಲಾರಿ ತರುತ್ತಾನೆ, ಅಷ್ಟರೊಳಗೆ ಕಾರು ತಾನಾಗಿ ಏರು ಹತ್ತಿದರೆ ಅತ್ತೆಯದು, ಇಲ್ಲದಿದ್ದರೆ ಗುಜರಿಯವನದು ಎಂದು ಮಾತಾಯಿತು.

ಎದುರು ಗ್ಯಾರೇಜಿನ ಮೇಸ್ತ್ರಿ ಅತ್ತೆಗೆ ಹಳೇ ಪರಿಚಯ. ನಾವೆಲ್ಲ ಅವನನ್ನು ಗೊಣಗು ಮೇಸ್ತ್ರಿ ಎನ್ನುತ್ತೇವೆ. ಗೊಣಗದೆ ಅವನು ಒಂದು ನಟ್ಟನ್ನೂ ಬಿಚ್ಚುವುದಿಲ್ಲ. ಹಿಂದಿನಿಂದ ಲಾರಿ ಗುದ್ದಿ ಅರ್ಧ ಅಪ್ಪಚ್ಚಿಯಾದ ಒಂದು ಹೊಸ ಕಾರನ್ನು ಅವನೇ ಹುಡುಕಿಕೊಟ್ಟ. ಅದರ ಎಂಜಿನ್ ಮುಂದೆ ಇದ್ದುದರಿಂದ ಏನೂ ಆಗಿರಲಿಲ್ಲ. ಎಂಜಿನ್ನು, ಅದರ ಬೆನ್ನಿಗೇ ಐದು ಗೇರಿನ ಗೇರ್‌ಬಾಕ್ಸು, ಎರಡೂ ಒಟ್ಟಿಗೆ ಸಿಕ್ಕಿದವು.

“ಗೇರ್ ಹಾಕೋ ರಗಳೆ ಇಲ್ಲದ್ದನ್ನ ಕೂರಿಸ್ಕೋಬಾರದಾ?” ಎಂದ ಅಪ್ಪ. “ಈ ವಯಸ್ಸಲ್ಲಿ ಕ್ಲಚ್ ಒತ್ತೋಕೆ ಆಗುತ್ತಾ ನಿನಗೆ?”

ಅತ್ತೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಆ ಯಂತ್ರದ ಮೋಟರಿನಲ್ಲೂ ಒಂದು ಕ್ಲಚ್ಚಿದೆ. ಮೋಟರು ಸದಾ ತಿರುಗುತ್ತಿರುತ್ತದೆ, ಪೆಡಲನ್ನು ಕಾಲಲ್ಲಿ ಎಷ್ಟು ಒತ್ತುತ್ತೇವೋ ಅಷ್ಟೇ ಸೂಜಿ ಓಡುತ್ತದೆ. ಹೊಸಬರು ಒತ್ತಿದರೆ ಬಟ್ಟೆ ಬೆರಳು ಎಲ್ಲ ಎಳೆದುಕೊಂಡು ಹೋಗುತ್ತದೆ. ಅತ್ತೆ ಪೆಡಲ್ ಒತ್ತಿದಳು. ಸೂಜಿ ಒಂದು ಹೊಲಿಗೆ ಹಾಕಿ ನಿಂತಿತು. ಮತ್ತೆ ಒಂದು. ನಿಂತಿತು.

“ಇದನ್ನ ಇಷ್ಟು ವರ್ಷ ನಾನು ನಿನ್ನ ಕಾಲಲ್ಲಿ ಒತ್ತಿದ್ನಾ?” ಎಂದಳು. ಮೇಸ್ತ್ರಿಯ ಪಿಕಪ್ಪಿನಲ್ಲಿ ಕಲಿತು ಲೈಸೆನ್ಸನ್ನೂ ಅವಳು ಎಂದೋ ಮಾಡಿಸಿಟ್ಟಿದ್ದಳೆಂದು ನಮಗೆ ಗೊತ್ತಾದದ್ದು ಆಗಲೇ.

ಕೆಲಸ ಶುರುವಾಯಿತು. ಸತ್ತ ಎಂಜಿನ್ ಇಳಿಸಿ ಮೂಲೆಗೆ ಹಾಕಿದೆವು. ಹೊಸ ಎಂಜಿನ್ ಕೂರುವ ಕಬ್ಬಿಣದ ಹಿಡಿಗಳಿಗೆ ಅತ್ತೆ ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದಳು, ಸೀಟಿನ ಕವರಿಗೆ ಕತ್ತರಿಸುವ ಹಾಗೆಯೇ. ಮೇಸ್ತ್ರಿ “ಕಬ್ಬಿಣಕ್ಕೂ ದರ್ಜಿ ಬಂದ್ಳಪ್ಪ” ಎಂದು ಗೊಣಗಿ ಅದೇ ಅಳತೆಗೆ ಬೆಸುಗೆ ಹಾಕಿದ. ಹಳೇ ಎಂಜಿನ್ನಿಗೆ ಗಾಳಿಯೇ ಸಾಕಾಗಿತ್ತು, ಹೊಸದಕ್ಕೆ ನೀರು ಬೇಕು. ರೇಡಿಯೇಟರನ್ನು ಮುಂದಿನ ಡಿಕ್ಕಿಯಲ್ಲಿ ನಿಲ್ಲಿಸಿ, ಪೈಪುಗಳನ್ನು ನೆಲದಡಿ ಹಿಂದಿನವರೆಗೆ ಎಳೆದೆವು. ವೈರುಗಳ ಪಾಡು ನನ್ನ ಪಾಲಿಗೆ ಬಂತು. ಬಿಚ್ಚಿದ ಕಾರಿನಿಂದ ತಂದ ವೈರಿನ ಕಂತೆ ಜಡೆ ಬಿಚ್ಚಿದ ತಲೆಯ ಹಾಗಿತ್ತು. ಒಂದೊಂದು ತುದಿಗೂ ಒಂದೊಂದು ಬಣ್ಣದ ರೆಕ್ಸಿನ್ ಚೂರು ಕಟ್ಟಿ, ಒಂದನ್ನು ಕಟ್ಟುವ ಮೊದಲು ಹಿಂದಿನದನ್ನು ಮತ್ತೆ ನೋಡಿ, ನಿಧಾನವಾಗಿ ಜೋಡಿಸಿದೆ. ನನ್ನ ನಿಧಾನಕ್ಕೆ ಮೇಸ್ತ್ರಿ ಗೊಣಗಲಿಲ್ಲ. ಹಾರ್ನಿನ ವೈರು ಮಾತ್ರ ಗಿಡ್ಡವಾಯಿತು. ಆಮೇಲೆ ನೋಡೋಣ ಎಂದು ಬಿಟ್ಟೆವು.

ಹೊಸ ಕಾರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಅದರ ಹಿಂದೆ ಇತ್ತು. ತಾತನ ಕಾರಿನಲ್ಲಿ ಗೇರ್‌ಬಾಕ್ಸ್ ಮುಂದೆ, ಎಂಜಿನ್ನೇ ಅದರ ಹಿಂದೆ ಇರಬೇಕು. ಆದ್ದರಿಂದ ಇಡೀ ಜೋಡಿಯನ್ನು ಹಿಂದು ಮುಂದಾಗಿ ತಿರುಗಿಸಿ ಕೂರಿಸಿದೆವು. ಹಾಗೆ ಮಾಡಿದಾಗ ಗೇರ್ ಕೋಲಿನ ಚಲನೆ ತಿರುವುಮುರುವಾಗುತ್ತದೆಂದು ಮೇಸ್ತ್ರಿಗೆ ಮೊದಲೇ ಹೊಳೆದು, ಅದನ್ನು ಸರಿಮಾಡಿದ. ಚಕ್ರಗಳ ವಿಷಯ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಗುಜರಿಯವನು ಬರುವ ವಾರದ ಶುಕ್ರವಾರ ಎಂಜಿನ್ ಹೊತ್ತಿಕೊಂಡಿತು. ಸದ್ದು ಕೇಳಿ ಬೀದಿಯ ಅರ್ಧ ಜನ ಶೆಡ್ಡಿನ ಬಾಗಿಲಿಗೆ ಬಂದರು. ತಾತ ಕುರ್ಚಿ ಹಾಕಿಸಿಕೊಂಡು ಕೂತ. ಅತ್ತೆ ಸೆರಗು ಬಿಗಿದು, ಸ್ಟೇರಿಂಗ್ ಹಿಡಿದು, ಮೊದಲ ಗೇರು ಹಾಕಿ, ಎಲ್ಲರ ಮುಂದೆ ಕ್ಲಚ್ಚನ್ನು ಹೂವಿನ ಹಾಗೆ ಬಿಟ್ಟಳು.

ಕಾರು ಹಿಂದಕ್ಕೆ ಹೋಯಿತು. ಫೋಮ್ ಹಾಳೆಗಳ ರಾಶಿಗೆ ಬೆನ್ನು ಹಾಕಿ, ಪುಸ್ಸೆಂದು ನಿಂತಿತು.

ಯಾರೋ “ಉಲ್ಟಕ್ಕಾ!” ಎಂದರು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಸ್ತ್ರಿ ತಲೆಗೆ ಕೈಹೊತ್ತು ನೆಲದ ಮೇಲೆ ಕೂತ. ಎರಡು, ಮೂರು, ನಾಲ್ಕು, ಐದು, ಯಾವ ಗೇರು ಹಾಕಿದರೂ ಕಾರಿಗೆ ಹಿಂದಕ್ಕೇ ಹೋಗುವ ಆಸೆ. ರಿವರ್ಸ್ ಹಾಕಿದರೆ ಮಾತ್ರ ಮುಂದಕ್ಕೆ ಬರುತ್ತಿತ್ತು. ಜೋಡಿಯನ್ನು ತಿರುಗಿಸಿ ಕೂರಿಸಿದಾಗ ಚಕ್ರ ತಿರುಗುವ ದಿಕ್ಕೂ ತಿರುಗಿಬಿಟ್ಟಿತ್ತು.

ನನಗೆ ಅಳು ಬಂತು. ಅತ್ತೆ ಕಾರಿನಿಂದ ಇಳಿದು, ಬಾಗಿಲು ಹಾಕಿ, “ಎಡಗೈ ತೋಳನ್ನ ಬಲಗೈಗೆ ಹೊಲಿದಿದ್ದೀವಿ” ಎಂದಳು. “ಬಿಚ್ಚೋಣ.”

“ಬಿಚ್ಚೋದಾ!” ಮೇಸ್ತ್ರಿ ಎದ್ದುನಿಂತ. “ನಾಡಿದ್ದೇ ಭಾನುವಾರ! ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಗುತ್ತಲ್ಲಾ ತಾಯಿ, ಹಾಗೇ ಹತ್ತಿಸಿಬಿಡು. ಮೂತಿ ಮುಂದೇನೇ ಇರುತ್ತೆ.”

ಅಪ್ಪನೂ ಮೆತ್ತಗಾಗಿದ್ದ. “ಹೌದು ಅಕ್ಕಾ. ಹೇಗಾದ್ರೂ ಹತ್ತಲಿ, ಹತ್ತಿತು ಅಂತ ನಾನು ಒಪ್ಕೋತೀನಿ.”

“ಹತ್ತಿದ ಮೇಲೆ? ಊರೆಲ್ಲ ಅದೊಂದೇ ಗೇರಲ್ಲಿ ಗೊರಗೊರ ಅಂತ ಸುತ್ತಲಾ? ಹೊಲಿಗೆ ತಪ್ಪಿದ್ರೆ ಮೇಲೊಂದು ತೇಪೆ ಹಾಕಿ ಯಾವ ಗಿರಾಕಿಗಾದ್ರೂ ಕೊಟ್ಟಿದ್ದೀನಾ ನಾನು?”

ಆಗ ತಾತ ಕುರ್ಚಿಯಿಂದಲೇ ಕೇಳಿದ. “ಆಗೆಲ್ಲ ನಾನು ಹಿಂದುಹಿಂದಾಗಿ ಹತ್ತಿಸ್ತಿದ್ದಾಗ ನಿನಗೆ ಬಹಳ ನಾಚಿಕೆ ಆಗ್ತಿತ್ತೇನೇ ಮಗಳೇ?”

“ನಾಚಿಕೆ ಅಲ್ಲಪ್ಪ,” ಎಂದಳು ಅತ್ತೆ. “ದಿನಾ ಹತ್ತಿದ್ರೂ ಏರಿನ ತುದಿ ಬರೋದನ್ನ ನಾನು ನೋಡ್ಲೇ ಇಲ್ಲ. ನನಗೆ ಕಾಣ್ತಿದ್ದಿದ್ದು ಬಿಟ್ಟು ಬಂದ ಬೀದಿ ಮಾತ್ರ. ಆ ತುದಿ ಮುಂದಿನ ಗಾಜಲ್ಲಿ ಹೇಗೆ ಬರುತ್ತೆ, ಒಂದ್ಸಲ ನೋಡ್ಬೇಕು.”

ತಾತ ತಲೆಯಾಡಿಸಿದ. ಮೇಸ್ತ್ರಿ ಗೊಣಗುತ್ತಲೇ ಸ್ಪ್ಯಾನರ್ ಕೈಗೆತ್ತಿಕೊಂಡ.

ಶನಿವಾರವೆಲ್ಲ ಬಿಚ್ಚುವುದೇ ಕೆಲಸ. ಗೇರ್‌ಬಾಕ್ಸಿನ ಹೊಟ್ಟೆಯಲ್ಲಿ ದೊಡ್ಡದೊಂದು ಹಲ್ಲಿನ ಚಕ್ರವಿದೆ. ಚಿಕ್ಕದೊಂದು ಚಕ್ರ ಪಕ್ಕದಿಂದ ಅದನ್ನು ತಿರುಗಿಸುತ್ತದೆ. ನಮ್ಮ ಪುಣ್ಯಕ್ಕೆ ಆ ಗೇರ್‌ಬಾಕ್ಸಿನಲ್ಲಿ ದೊಡ್ಡ ಚಕ್ರವನ್ನು ತೆಗೆದು ಚಿಕ್ಕದರ ಇನ್ನೊಂದು ಪಕ್ಕಕ್ಕೆ ಕೂರಿಸಲು ಜಾಗವಿತ್ತು. ಹಾಗೆ ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಕೇಳಲು ಸುಲಭ. ಹಲ್ಲಿಗೆ ಹಲ್ಲು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಚಕ್ರ ಅರಚುತ್ತದೆ, ಆಮೇಲೆ ಮುರಿಯುತ್ತದೆ. ಹಲ್ಲುಗಳಿಗೆ ಬಣ್ಣ ಸವರಿ, ತಿರುಗಿಸಿ, ಗುರುತು ಎಲ್ಲಿ ಬಿತ್ತೆಂದು ನೋಡಿ, ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳನ್ನು ಸೇರಿಸಬೇಕು ಇಲ್ಲವೇ ತೆಗೆಯಬೇಕು. ಮೇಸ್ತ್ರಿಯ ಬೆರಳು ದಪ್ಪ. ಅತ್ತೆಗೆ ಹತ್ತಿರದ ಕಣ್ಣು ಮಂಜು. ಬಿಲ್ಲೆಗಳನ್ನು ನಾನಿಟ್ಟೆ. ಗುರುತು ಹಲ್ಲಿನ ಅಂಚಿಗೆ ಬಿತ್ತು. ತೆಗೆದೆ. ಇನ್ನೊಂದು ಅಂಚಿಗೆ ಬಿತ್ತು. ಮತ್ತೆ ತೆಗೆದೆ. ಅದು ಹಲ್ಲಿನ ನಡುವಿಗೆ ಬೀಳುವವರೆಗೆ ಅತ್ತೆ ಒಂದು ಸಲವೂ “ಬೇಗ” ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಮೊದಲ ಗೇರಿನಲ್ಲಿ ಶೆಡ್ಡಿನಿಂದ ಮುಂದಕ್ಕೆ ಹೊರಬಂತು. ತಾತ ಅತ್ತೆಯ ಪಕ್ಕದಲ್ಲಿ ಕೂತ. ಚಕ್ರಕ್ಕೆ ಕೊಡಲು ಒಂದು ಮರದ ಅಡೆ ಹಿಡಿದು ನಾನು ಪಕ್ಕದಲ್ಲಿ ನಡೆದೆ. ಅಪ್ಪನೂ ಮೇಸ್ತ್ರಿಯೂ ಹಿಂದೆ ಬಂದರು. ಕಿಟಕಿಗಳಲ್ಲೆಲ್ಲ ತಲೆಗಳು.

ಕಾರು ಏರಿನ ಅರ್ಧದವರೆಗೆ ಸಲೀಸಾಗಿ ಹೋಯಿತು. ಅಷ್ಟರಲ್ಲಿ ಮೇಲಿನಿಂದ ಗುಜರಿಯವನ ಲಾರಿ ಇಳಿಯುತ್ತ ಬಂದು ಎದುರಿಗೆ ನಿಂತಿತು. ಅತ್ತೆ ಬ್ರೇಕ್ ಒತ್ತಿ ಹ್ಯಾಂಡ್ ಬ್ರೇಕ್ ಎಳೆದಳು. ನಾನು ಓಡಿ ಹಿಂದಿನ ಚಕ್ರಕ್ಕೆ ಅಡೆ ಕೊಟ್ಟೆ. ಲಾರಿಯವನು ಪೊಂಯ್ ಎಂದು ಹಾರ್ನ್ ಹೊಡೆದ. ನಮಗೆ ಹೊಡೆಯಲು ಹಾರ್ನಿರಲಿಲ್ಲ.

“ಹಿಂದಕ್ಕೆ ತಗೋ ಉಲ್ಟಕ್ಕಾ! ನಿಮ್ಮ ಗಾಡಿಗೆ ಅಭ್ಯಾಸ ಇದೆಯಲ್ಲಾ!” ಎಂದು ಅವನು ಕೂಗಿದ. ಕಿಟಕಿಗಳು ನಕ್ಕವು.

ಏರಿನ ನಡುವೆ ಕಾರು ಬಿಟ್ಟು ಅತ್ತೆ ಇಳಿಯುವಂತಿರಲಿಲ್ಲ. ನನ್ನ ಕಡೆ ನೋಡಿ, “ಹೋಗಿ ಹೇಳು, ಹತ್ತೋ ಗಾಡಿಗೆ ದಾರಿ ಬಿಡ್ಬೇಕು ಅಂತ” ಎಂದಳು.

ಅಡೆಯನ್ನು ಕಾಲಲ್ಲಿ ಒಮ್ಮೆ ಒತ್ತಿ ನೋಡಿ ಹೋದೆ. ಲಾರಿಯ ಬಾಗಿಲು ನನ್ನ ತಲೆಗಿಂತ ಎತ್ತರದಲ್ಲಿತ್ತು. “ಅಣ್ಣಾ, ನೀವು ಹಿಂದಕ್ಕೆ ಹೋಗಬೇಕಂತೆ” ಎಂದೆ.

“ಏನಂದೆ? ಕೇಳಿಸ್ಲಿಲ್ಲ.”

“ಹಿಂದಕ್ಕೆ ಹೋಗಿ ಅಂದೆ! ಹತ್ತೋ ಗಾಡಿಗೆ ನೀವೇ ದಾರಿ ಬಿಡ್ಬೇಕು!” ನನ್ನ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ನನಗೇ ಕೇಳಿಸಿತು.

“ಯಾರು ಹೇಳಿದ್ದು?”

“ನಾವು ಹೇಳಿದ್ದು!”

ಅವನು ನನ್ನನ್ನು ನೋಡಿದ, ಕೆಳಗೆ ಕಾರನ್ನು ನೋಡಿದ, ಹಿಂದೆ ನಿಂತ ಅಪ್ಪನನ್ನು ನೋಡಿದ. ಅಪ್ಪ ಕೈಯಲ್ಲಿ ‘ಹೋಗು ಹೋಗು’ ಎಂದ. ಗುಜರಿಯವನು ಏನೋ ಗೊಣಗಿ, ಕಿಟಕಿಯಿಂದ ತಲೆ ಹೊರಹಾಕಿ, ರಿವರ್ಸ್ ಗೇರು ಹಾಕಿ, ಹಿಂದುಹಿಂದಾಗಿ ಏರು ಹತ್ತತೊಡಗಿದ. ತಾತ ಕಾರಿನ ಗಾಜು ಇಳಿಸಿ ಕೂಗಿದ:

“ಕತ್ತು ಇನ್ನೂ ಸ್ವಲ್ಪ ತಿರುಗಿಸಪ್ಪಾ! ಆಗ ಸರಿಯಾಗಿ ಕಾಣುತ್ತೆ!”

ಬೀದಿಗೆ ಬೀದಿಯೇ ಮತ್ತೆ ನಕ್ಕಿತು, ಈ ಸಲ ಲಾರಿಯ ಕಡೆ ನೋಡಿಕೊಂಡು.

“ಅಡೆ ತೆಗಿ” ಎಂದಳು ಅತ್ತೆ. ತೆಗೆದೆ. ಅವಳ ಎಡಗಾಲು ಕ್ಲಚ್ಚನ್ನು ಒಂದು ಹೊಲಿಗೆಯಷ್ಟು ಬಿಟ್ಟಿತು. ಎಂಜಿನ್ ಸದ್ದು ತಗ್ಗಿತು, ಕಾರಿನ ಬೆನ್ನು ಕುಗ್ಗಿತು. ಹ್ಯಾಂಡ್ ಬ್ರೇಕ್ ಇಳಿಯಿತು. ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರದೆ ಮುಂದಕ್ಕೆ ಹೊರಟಿತು.

ಬಯಲಿನಲ್ಲಿ ನಿಲ್ಲಿಸಿದ ಮೇಲೆ ಅತ್ತೆ ತುಂಬ ಹೊತ್ತು ಇಳಿಯಲಿಲ್ಲ. ನಾನು ಕಿಟಕಿಗೆ ಬಗ್ಗಿ, “ತುದಿ ಹೇಗೆ ಕಾಣಿಸ್ತು?” ಎಂದು ಕೇಳಿದೆ.

“ಕಾಣಿಸ್ಲೇ ಇಲ್ಲ ಕಣೇ,” ಎಂದು ಅವಳು ನಕ್ಕಳು. “ಗಾಜಿನ ತುಂಬ ಬರೀ ಆಕಾಶ. ಆಮೇಲೆ ತಟ್ಟನೆ ಬಯಲು.”

“ನಾನೂ ದಿನಾ ಕತ್ತು ತಿರುಗಿಸಿ ನೋಡ್ತಿದ್ದಿದ್ದು ಅದನ್ನೇ” ಎಂದ ತಾತ.

ಗುಜರಿಯವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಪ್ಪ ಸತ್ತ ಎಂಜಿನ್ನನ್ನು ಅವನಿಗೆ ಕೊಟ್ಟ. ಶೆಡ್ಡಿನಲ್ಲಿ ಈಗ ಗೋಡೆ ಏಳುತ್ತಿದೆ. ತಾತನ ಮಂಚ ಎಲ್ಲಿ ಬರಬೇಕೆಂದು ಅತ್ತೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾಳೆ. ಕಾರು ಮೇಲೆ ಬಯಲಿನಲ್ಲಿದೆ. ನಾಳೆ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ಹಾರ್ನಿನ ವೈರು ಜೋಡಿಸುತ್ತೇನೆ.